ಪಠ್ಯಪುಸ್ತಕದ ಭುಜ ಯಾರದು?

ವೈದ್ಯಕೀಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಭುಜ ಬಹಳ ಅಚ್ಚುಕಟ್ಟು. ರೊಟೇಟರ್ ಕಫ್‌ನ ನಾಲ್ಕು ಸ್ನಾಯುರಜ್ಜುಗಳಿಗೂ ಗೊತ್ತಾದ ಜಾಗವಿದೆ. ಬೈಸೆಪ್ಸ್‌ನ ಲಾಂಗ್ ಹೆಡ್ ಗ್ಲೀನಾಯ್ಡ್ ಎಂಬ ಕೀಲುಕುಳಿಯ ಮೇಲಿನ ಗುಬಟಿನಿಂದ ಹೊರಡುತ್ತದೆ. ಇದಕ್ಕೆ ಹೊಂದದ್ದೆಲ್ಲ ಸಣ್ಣಕ್ಷರದ ‘ಅಪವಾದ’. 1858ರ ಗ್ರೇಯ ಅಂಗರಚನಾ ಗ್ರಂಥಕ್ಕೆ ಕಾರ್ಟರ್ ಬರೆದ ಚಿತ್ರಗಳನ್ನು ಈಗಲೂ ಬೆರಗಿನಿಂದ ನೋಡುತ್ತೇನೆ. ಆದರೆ ಈ ವಿಂಗಡಣೆಯನ್ನು ಒಪ್ಪಲಾರೆ.

ಮೊದಲು ಬೈಸೆಪ್ಸ್ ನೋಡೋಣ. 1994ರಲ್ಲಿ ವ್ಯಾಂಗ್ಸ್‌ನೆಸ್ ಮತ್ತು ಸಂಗಡಿಗರು ಶವಗಳ ಭುಜಗಳನ್ನು ಬಿಡಿಸಿ ನೋಡಿದಾಗ, ರಜ್ಜುವಿನ ಸುಮಾರು ಅರ್ಧ ಎಳೆಗಳು ಎಲುಬಿನಿಂದಲ್ಲ, ಗ್ಲೀನಾಯ್ಡ್ ಅಂಚಿನ ಮೆದು ಏಣಾದ ಲೇಬ್ರಮ್‌ನಿಂದ ಹೊರಟಿದ್ದವು. ಆ ಎಳೆಗಳು ಹಿಂದಕ್ಕೆ ವಾಲಿವೆಯೋ ಮುಂದಕ್ಕೋ ಎಂಬುದರ ಮೇಲೆ ಅವರು ನಾಲ್ಕು ಬಗೆ ಗುರುತಿಸಿದರು. ಇವುಗಳಲ್ಲಿ ಯಾವುದು ನಿಯಮ, ಯಾವುದು ಅಪವಾದ?

‘ನಿಯಮ’ವೆಂದು ಕಲಿಸಿದ್ದೂ ಗಟ್ಟಿಯಲ್ಲ. ತೋಳೆಲುಬಿನ ದೊಡ್ಡ ಉಬ್ಬಾದ ಗ್ರೇಟರ್ ಟ್ಯೂಬರಾಸಿಟಿಯ ನೆತ್ತಿಯೆಲ್ಲ ರೊಟೇಟರ್ ಕಫ್‌ನ ಸುಪ್ರಾಸ್ಪೈನೇಟಸ್‌ನದೆಂದು ನಂಬಿದ್ದೆವು. 2008ರಲ್ಲಿ ಮೊಚಿಝುಕಿ ತಂಡ ತೋರಿಸಿದಂತೆ ಅದರ ಪಾಲು ಮುಂಭಾಗದ ಸಣ್ಣ ತುಂಡು. ಹೆಚ್ಚಿನ ಜಾಗ ಅದೇ ಕಫ್‌ನ ಇನ್‌ಫ್ರಾಸ್ಪೈನೇಟಸ್‌ನದು. ಕೆಲವು ಭುಜಗಳಲ್ಲಂತೂ ಸುಪ್ರಾಸ್ಪೈನೇಟಸ್ ಪಕ್ಕದ ಲೆಸ್ಸರ್ ಟ್ಯೂಬರಾಸಿಟಿಗೂ ಚಾಚಿತ್ತು. ಹಾಗಾದರೆ ‘ಸುಪ್ರಾಸ್ಪೈನೇಟಸ್ ಮಾತ್ರ ಹರಿದಿದೆ’ ಎಂಬ ಷರಾವನ್ನು ಎಷ್ಟರ ಮಟ್ಟಿಗೆ ನಂಬುವುದು?

ಕಲಿಯುವವರಿಗೆ ಒಂದು ಮಾದರಿ ಬೇಡವೇ, ಈ ವ್ಯತ್ಯಾಸಗಳಿಂದ ಬಹುತೇಕರಿಗೆ ನೋವೇನೂ ಇಲ್ಲವಲ್ಲ ಎನ್ನುತ್ತಾರೆ ಅಧ್ಯಾಪಕರು. ಎರಡೂ ನಿಜ. ನನ್ನ ತಕರಾರು ಇರುವುದೂ ಅಲ್ಲೇ: ನೋವು ಕೊಡದ ವ್ಯತ್ಯಾಸವನ್ನು ನೋವಿನ ಕಾರಣವೆಂದು ಓದಿಬಿಡುವುದು ಸುಲಭ. ಅಪರೂಪಕ್ಕೆ ಲಾಂಗ್ ಹೆಡ್ ಹುಟ್ಟಿನಿಂದಲೇ ಇರುವುದಿಲ್ಲ. ಎಂಆರ್‌ಐಯಲ್ಲಿ ರಜ್ಜು ಕಾಣದಿದ್ದರೆ ಹರಿದುಹೋಗಿದೆ ಎನ್ನಿಸುವುದು ಸಹಜ. ಆದರೆ ಅದು ಹಾಯಬೇಕಿದ್ದ ತೋಳೆಲುಬಿನ ತೋಡು ಆಳವಿಲ್ಲದೆ ಚಪ್ಪಟೆಯಾಗಿದ್ದರೆ, ಅಲ್ಲಿ ರಜ್ಜು ಎಂದೂ ಇರಲಿಲ್ಲ ಎಂಬ ಸುಳಿವು ಸಿಗುತ್ತದೆ. ನೆರೆಯಲ್ಲೇ ಬ್ಯುಫೋರ್ಡ್ ಕಾಂಪ್ಲೆಕ್ಸ್ ಇದೆ: ಮುಂದಿನ ಮೇಲ್ಭಾಗದ ಲೇಬ್ರಮ್ ಇರದೆ, ಮಧ್ಯದ ಅಸ್ಥಿರಜ್ಜು ಹಗ್ಗದಂತೆ ದಪ್ಪಗಾಗಿರುತ್ತದೆ. ಇದನ್ನು ಹರಿದದ್ದೆಂದು ಬಗೆದು ಎಲುಬಿಗೆ ಹೊಲಿದರೆ ತೋಳು ಹೊರಕ್ಕೆ ತಿರುಗುವುದು ಕಷ್ಟವಾಗುತ್ತದೆ. ಚಿಕಿತ್ಸೆಯೇ ಊನ ತಂದಿಟ್ಟಂತೆ.

ಮಾದರಿ ಇರಲಿ. ಆದರೆ ಡಿಸೆಕ್ಷನ್ ಹಾಲ್‌ನಲ್ಲಿ ಪ್ರತಿ ತಂಡ ತನ್ನ ಟೇಬಲ್ಲಿನ ಭುಜವನ್ನಷ್ಟೇ ನೋಡಿ ಏಳಬಾರದು. ಪಕ್ಕದ ಟೇಬಲ್ಲಿನದನ್ನೂ, ಅದೇ ದೇಹದ ಇನ್ನೊಂದು ಭುಜವನ್ನೂ ನೋಡಿ ಅಂತರಗಳನ್ನು ಬರೆದಿಡಲಿ. ಪರೀಕ್ಷೆಯಲ್ಲಿ ಅದಕ್ಕೂ ಅಂಕ ಸಿಗಲಿ. ‘ಹರಿದಿದೆ’ ಎಂದು ಬರೆಯುವ ಮುನ್ನ ‘ಹುಟ್ಟಿನಿಂದಲೇ ಹೀಗಿದೆಯೇ?’ ಎಂದು ಕೇಳುವ ಅಭ್ಯಾಸ ಮೊದಲ ವರ್ಷದಲ್ಲೇ ಬೀಳಬೇಕು.