ಉಪಾಧ್ಯಾಯರ ಅಂತರ್ಜಾಲ ಸಹವಾಸ: ಒಂದು ವಿಮರ್ಶೆ

ಉಪಾಧ್ಯಾಯರು ಅಂತರ್ಜಾಲದಲ್ಲಿ ಒಬ್ಬರೊಡನೊಬ್ಬರು ಕಲೆತು, ಆ ಮೂಲಕ ತಮ್ಮ ವೃತ್ತಿಯಲ್ಲಿ ಬೆಳೆಯುತ್ತಾರೆಂಬ ಮಾತು ಈಚಿನ ಶಿಕ್ಷಣ ಬರಹಗಳಲ್ಲಿ ಸಿದ್ಧಾಂತವೆಂಬಂತೆ ರೂಢವಾಗಿದೆ. ಇದನ್ನು ಸಮರ್ಥಿಸುವವರು ಅನೇಕವೇಳೆ ಆಧಾರವಾಗಿ ಹಿಡಿಯುವುದು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರು 1991ರಲ್ಲಿ ಪ್ರಕಟಿಸಿದ ‘ಸಿಚುಯೇಟೆಡ್ ಲರ್ನಿಂಗ್’ ಎಂಬ ಪುಟ್ಟ ಗ್ರಂಥವನ್ನು. ಆ ಗ್ರಂಥವು ನಿಜವಾಗಿ ಹೇಳುವುದೇನು, ಅದು ನಮ್ಮ ಪ್ರೌಢಶಾಲೆಗಳ ಉಪಾಧ್ಯಾಯರಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಉಪಾಧ್ಯಾಯ ವೃತ್ತಿ ಒಂಟಿತನದ ವೃತ್ತಿ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿಯೇ ಇದನ್ನು ವಿಶದಪಡಿಸಿದರು: ಪಾಠ ಹೇಳುವುದನ್ನು ನಾವು ಮುಖ್ಯವಾಗಿ ಕಲಿಯುವುದು ವಿದ್ಯಾರ್ಥಿಗಳಾಗಿ ಬೆಂಚಿನ ಮೇಲೆ ಕುಳಿತು ನೋಡಿದ್ದರಿಂದ, ಕೆಲಸಕ್ಕೆ ಸೇರಿದ ಮೇಲೆ ಮತ್ತೊಬ್ಬರ ಪಾಠವನ್ನು ನೋಡುವ ಅವಕಾಶವೇ ವಿರಳ. ನಮ್ಮ ಹಳ್ಳಿಯ ಪ್ರೌಢಶಾಲೆಗಳಲ್ಲಂತೂ ಒಂದು ವಿಷಯಕ್ಕೆ ಒಬ್ಬರೇ ಉಪಾಧ್ಯಾಯರಿರುವುದುಂಟು. ಅಂಥವರಿಗೆ ದೂರದ ಸಹೋದ್ಯೋಗಿಯ ಮಾತು ಕಿವಿಗೆ ಬೀಳುವುದೇ ಒಂದು ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಲೇವ್ ಮತ್ತು ವೆಂಗರ್ ಅವರ ವಾದ ಮಾತನ್ನು ಕುರಿತದ್ದಲ್ಲ, ಕೆಲಸವನ್ನು ಕುರಿತದ್ದು. ಪಶ್ಚಿಮ ಆಫ್ರಿಕದ ವಾಯ್ ಮತ್ತು ಗೋಲಾ ದರ್ಜಿಗಳಲ್ಲಿ ಹೊಸಬನು ಮೊದಲು ಗುಂಡಿ ಹಚ್ಚುತ್ತಾನೆ, ಅಂಚು ಮಡಿಸಿ ಹೊಲಿಯುತ್ತಾನೆ; ಬಟ್ಟೆಗೆ ಕತ್ತರಿ ಹಾಕುವುದು ಕಟ್ಟಕಡೆಗೆ. ಅವನ ಕೆಲಸ ಅಲ್ಪವಾದರೂ ಅದು ನಿಜವಾದ ಅಂಗಿಯ ಮೇಲಿನ ಕೆಲಸ. ಇದೇ ಗ್ರಂಥದಲ್ಲಿ ಮಾಂಸ ಕಡಿಯುವವರ ದೃಷ್ಟಾಂತವೂ ಇದೆ. ಇದನ್ನು ಉಲ್ಲೇಖಿಸುವವರು ಕಡಮೆ. ಅಲ್ಲಿ ಕಲಿಯಬಂದವರನ್ನು ಮಾಂಸಕ್ಕೆ ಹೊದಿಕೆ ಸುತ್ತುವ ಯಂತ್ರದ ಬಳಿ ನಿಲ್ಲಿಸಲಾಗಿತ್ತು; ನುರಿತವರು ಕಡಿಯುವುದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದೇ ಅಂಗಡಿಯಲ್ಲಿದ್ದರೂ ಅವರು ಕಲಿತದ್ದು ಅತ್ಯಲ್ಪ. ಅಂತರ್ಜಾಲದ ಉಪಾಧ್ಯಾಯರ ಕೂಟಗಳನ್ನು ನೋಡುವಾಗ ನನಗೆ ದರ್ಜಿಗಳಿಗಿಂತ ಇವರೇ ಹೆಚ್ಚಾಗಿ ನೆನಪಾಗುತ್ತಾರೆ.

ಕರ್ನಾಟಕದಲ್ಲಿ 2010ರ ದಶಕದ ಆರಂಭದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನದ ಉಪಾಧ್ಯಾಯರಿಗಾಗಿ ವಿಷಯ ಶಿಕ್ಷಕರ ವೇದಿಕೆ ಏರ್ಪಟ್ಟಿತು. ಶಿಕ್ಷಣ ಇಲಾಖೆಯೊಡನೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇದಕ್ಕೆ ದುಡಿಯಿತು. ಉಪಾಧ್ಯಾಯರು ಮಿಂಚಂಚೆಯ ಮೂಲಕ ಪರಸ್ಪರ ಬರೆದುಕೊಂಡರು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿಯಲ್ಲಿ ಪಾಠಸಾಮಗ್ರಿಯೂ ಕನ್ನಡದಲ್ಲಿ ಬೆಳೆಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವವರ ತೊಡಕುಗಳು ಕನ್ನಡದಲ್ಲಿಯೇ ಬಿಡಿಸಬೇಕಾದಂಥವು. ಉದಾಹರಣೆಗೆ, ದ್ರವ್ಯರಾಶಿಗೂ ತೂಕಕ್ಕೂ ಇರುವ ಭೇದವನ್ನು ನೋಡಬಹುದು. ಸಂತೆಯಲ್ಲಿ ಕಿಲೋಗ್ರಾಮಿನ ಲೆಕ್ಕದ ‘ತೂಕ’ವನ್ನು ಕೇಳಿ ಬೆಳೆದ ಹುಡುಗ ಅದಕ್ಕೆ ನ್ಯೂಟನ್ ಎಂಬ ಮಾನವನ್ನು ಸುಲಭವಾಗಿ ಒಪ್ಪಲಾರ, ‘ರಾಶಿ’ ಎಂದೊಡನೆ ಅವನಿಗೆ ತೋರುವುದು ಕಣದಲ್ಲಿ ಒಟ್ಟಿದ ಜೋಳ. ಈ ತೊಡಕನ್ನು ಬೀದರಿನ ಉಪಾಧ್ಯಾಯರೊಬ್ಬರು ಹೇಳಿದರೆ ಚಾಮರಾಜನಗರದವರಿಗೆ ಅದು ಆ ಕ್ಷಣದಲ್ಲಿಯೇ ಅರ್ಥವಾಗುತ್ತದೆ. ಹೊರದೇಶದ ಯಾವ ಬೋಧನಶಾಸ್ತ್ರದ ಗ್ರಂಥದಲ್ಲಿಯೂ ಇದಕ್ಕೆ ಉತ್ತರ ದೊರೆಯದು.

ಆದರೆ ಇಂಥ ಪ್ರಶ್ನೆ ಏಳುವುದು ಎಷ್ಟು ಬಾರಿ? ವಾಟ್ಸಾಪ್ ಗುಂಪುಗಳು ಬಂದಮೇಲೆ, 2020ರಲ್ಲಿ ಶಾಲೆಗಳು ಮುಚ್ಚಿದಮೇಲಂತೂ, ಇಂಥ ಕೂಟಗಳಲ್ಲಿ ಹರಿದಾಡುವುದು ಬಹುಮಟ್ಟಿಗೆ ಪ್ರಶ್ನೆಪತ್ರಿಕೆ, ಮಾದರಿ ಉತ್ತರ, ಸುತ್ತೋಲೆ, ನಮೂನೆಗಳು, ನಡುನಡುವೆ ಶುಭಾಶಯ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದಂತೆ ಸಡಿಲವಾದ ಪರಿಚಯಗಳು ಹೊಸ ಸುದ್ದಿಯನ್ನು ತರಲು ಬಹಳ ಸಮರ್ಥವಾದುವು. ಆದರೆ ಸುದ್ದಿ ಬರುವುದು ಬೇರೆ, ಪಾಠ ತಿದ್ದಿಕೊಳ್ಳುವುದು ಬೇರೆ. ‘ಋಣ ಸಂಖ್ಯೆಗಳ ಗುಣಾಕಾರ ನನ್ನ ಮಕ್ಕಳಿಗೆ ತಿಳಿಯಲಿಲ್ಲ, ನಾನು ಹೀಗೆ ಹೇಳಿದ್ದೆ’ ಎಂದು ಬರೆಯಲು ಧೈರ್ಯ ಬೇಕು. ಮೇಲಧಿಕಾರಿಗಳೂ ಸದಸ್ಯರಾಗಿರುವ ಗುಂಪಿನಲ್ಲಿ ಆ ಧೈರ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಮೌನವಾಗಿ ಓದುತ್ತಲೇ ಇರುವವರೂ ಕಲಿಯುತ್ತಾರೆಂದು ಕೆಲವರು ವಾದಿಸುತ್ತಾರೆ. ಅದನ್ನು ವೆಂಗರ್ ಅವರ ‘ಅಂಚಿನ ಭಾಗವಹಿಸುವಿಕೆ’ಗೆ ಹೋಲಿಸುತ್ತಾರೆ. ಈ ಹೋಲಿಕೆ ಸಾಧುವೆಂದು ನನಗೆ ತೋರುವುದಿಲ್ಲ. ದರ್ಜಿಯ ಶಿಷ್ಯ ಗುಂಡಿಯನ್ನಾದರೂ ಹಚ್ಚುತ್ತಿದ್ದ. ಈ ಕೂಟಗಳಲ್ಲಿ ಗುಂಡಿ ಹಚ್ಚುವುದಕ್ಕೆ ಸಮನಾದುದು ಯಾವುದು? ಒಂದು ವಿಕಿಪುಟದ ತಪ್ಪು ಪಾರಿಭಾಷಿಕ ಪದವನ್ನು ತಿದ್ದುವುದು, ವಿದ್ಯಾರ್ಥಿಯೊಬ್ಬನ ತಪ್ಪು ಉತ್ತರವನ್ನು ಹೆಸರು ಮರೆಸಿ ಚರ್ಚೆಗೆ ಇಡುವುದು ಇಂಥವು ಆಗಬಹುದು.

ಸಂಶೋಧನೆಯ ದೃಷ್ಟಿಯಿಂದಲೂ ಇಲ್ಲೊಂದು ಅಂಶವಿದೆ. ದೂರವಾಣಿಯ ಗುಂಪುಗಳ ಮಾತು ಆ ಉಪಕರಣದೊಡನೆಯೇ ಅಳಿದುಹೋಗಬಹುದು; ವಿಕಿಯಾದರೋ ಪ್ರತಿಯೊಂದು ಪುಟದ ತಿದ್ದುಪಡಿಯ ಚರಿತ್ರೆಯನ್ನು ಉಳಿಸಿಕೊಳ್ಳುತ್ತದೆ. ಒಂದು ಪಾಠ ಯಾರ ಕೈಯಲ್ಲಿ, ಯಾವ ಕ್ರಮದಲ್ಲಿ ಬದಲಾಯಿತೆಂಬುದನ್ನು ಅಲ್ಲಿ ಸಾಲುಸಾಲಾಗಿ ಓದಬಹುದು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ವಿಜ್ಞಾನದ ಒಂದೇ ಒಂದು ಅಧ್ಯಾಯವನ್ನು ಆರಿಸಿಕೊಂಡು ಈ ಕೆಲಸಕ್ಕೆ ತೊಡಗಿದರೂ ಸಾಕು.