ಚಿತ್ತಿ ಮಳೆಗೆ ಅಕಾಲಿಕ ಎನ್ನಬೇಡಿ

ಅಕ್ಟೋಬರ್ ಕೊನೆಗೋ ನವೆಂಬರಿನಲ್ಲೋ ನಾಲ್ಕು ದಿನ ಮಳೆ ಹಿಡಿದರೆ ಸಾಕು, ವಿಜಯಪುರದ ಸುದ್ದಿಗೆ ತಲೆಬರಹ ಸಿದ್ಧವಾಗಿರುತ್ತದೆ: ಅಕಾಲಿಕ ಮಳೆ, ದ್ರಾಕ್ಷಿ ಬೆಳೆ ಹಾನಿ. ಜೊತೆಗೆ ಕಪ್ಪಾದ ಗೊನೆ ಹಿಡಿದು ನಿಂತ ರೈತನ ಚಿತ್ರ. ಮರುದಿನದಿಂದ ಸಮೀಕ್ಷೆ, ಪರಿಹಾರದ ಬೇಡಿಕೆ, ಭರವಸೆ. ಆ ರೈತನ ನಷ್ಟವನ್ನು ನಾನು ಅನುಮಾನಿಸುವುದಿಲ್ಲ. ಒಂದು ಎಕರೆಗೆ ಸುರಿದ ಗೊಬ್ಬರ, ಔಷಧಿ, ಆಳಿನ ಕೂಲಿ ಎಷ್ಟೆಂದು ನಮ್ಮ ಮನೆಯವರಿಗೂ ಗೊತ್ತಿದೆ. ನನ್ನ ತಕರಾರು ತಲೆಬರಹದ ಮೊದಲ ಪದದ ಮೇಲೆ. ‘ಅಕಾಲಿಕ’ ಎಂಬ ಆ ಪದವನ್ನು ನಂಬಿ ರೈತರು, ಅಧಿಕಾರಿಗಳು, ವಿಮೆಯವರು ಎಲ್ಲರೂ ದ್ರಾಕ್ಷಿಯ ಹವಾಮಾನವನ್ನು ತಪ್ಪಾಗಿ ಓದುತ್ತಿದ್ದೇವೆ.

ನಮ್ಮ ಭಾಗದ ರೈತನ ಪಂಚಾಂಗವನ್ನೇ ತೆಗೆದು ನೋಡಿ. ಸೆಪ್ಟೆಂಬರ್ ನಡುವಿನಿಂದ ನವೆಂಬರ್ ನಡುವಿನ ತನಕ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ, ವಿಶಾಖಿ ಎಂದು ಒಂದೊಂದು ಮಳೆಗೂ ಹೆಸರಿದೆ. ಹೆಸರಿಟ್ಟು ಕಾಯುವ ಮಳೆ ಅಕಾಲಿಕ ಹೇಗಾದೀತು? ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಬೀಳುವ ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರಿನಲ್ಲಿ. ಅಕ್ಟೋಬರ್ ಕೂಡ ಹಿಂದೆ ಬೀಳುವುದಿಲ್ಲ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಎಲ್ಲ ನಿಂತಿರುವುದು ಇದೇ ಮಳೆಯ ಮೇಲೆ. ಬದುವಿನ ಈಚೆ ದ್ರಾಕ್ಷಿಯವನು ಮೋಡ ನೋಡಿ ತಲೆ ಮೇಲೆ ಕೈ ಹೊತ್ತು ಕೂತಿರುವಾಗ, ಆಚೆ ಜೋಳದವನು ಇನ್ನೊಂದು ಹದ ಮಳೆಯಾಗಲಿ ಎಂದು ಕಾಯುತ್ತಿರುತ್ತಾನೆ. ಎಷ್ಟೋ ಮನೆಗಳಲ್ಲಿ ಇಬ್ಬರೂ ಅಣ್ಣತಮ್ಮಂದಿರೇ.

ಮಳೆ ತನ್ನ ಕಾಲಕ್ಕೇ ಬಂದಿದೆ. ಕಾಲ ಬದಲಿಸಿಕೊಂಡು ಬಂದದ್ದು ಬಳ್ಳಿ. ದ್ರಾಕ್ಷಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿ, ಮಳೆಯಿಲ್ಲದ ಬೇಸಿಗೆಯಲ್ಲಿ ಹಣ್ಣಾಗುವ ಸೀಮೆಯ ಬಳ್ಳಿ. ನಮ್ಮಲ್ಲಿ ಅದನ್ನು ಮಲಗಿಸುವಷ್ಟು ಚಳಿ ಇಲ್ಲ. ಅದಕ್ಕೇ ಚಾಟ್ನಿ ಎಂದು ಕರೆಯುವ ಕತ್ತರಿ ಕೆಲಸದಿಂದ ಅದರ ವರ್ಷವನ್ನು ನಾವೇ ಕಟ್ಟಿಕೊಟ್ಟಿದ್ದೇವೆ: ಕಡ್ಡಿ ಬಲಿಯಲೆಂದು ಏಪ್ರಿಲ್ ಚಾಟ್ನಿ, ಹಣ್ಣಿಗೆಂದು ಅಕ್ಟೋಬರ್ ಚಾಟ್ನಿ. ಕಣ್ಣು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸೈನಮೈಡ್ ಹಚ್ಚುತ್ತೇವೆ. ಹೀಗೆ ನಾವೇ ದಿನ ಗೊತ್ತುಮಾಡಿ, ಎಳೆ ಚಿಗುರನ್ನು ಚಿತ್ತಿ–ಸ್ವಾತಿ ಮಳೆಯ ಎದುರು ನಿಲ್ಲಿಸುತ್ತೇವೆ.

ಇಷ್ಟು ಹೇಳಿದರೆ, ತಪ್ಪನ್ನು ರೈತನ ತಲೆಗೆ ಕಟ್ಟುತ್ತಿದ್ದೀರಿ ಎಂಬ ಮಾತು ಬರುತ್ತದೆ. ಹಾಗಲ್ಲ. ಚಾಟ್ನಿಗೆ ಸುರಕ್ಷಿತ ದಿನ ಎಂಬುದೊಂದಿಲ್ಲ. ಸೆಪ್ಟೆಂಬರಿನಲ್ಲಿ ಕತ್ತರಿಸಿದರೆ ಮಾರುಕಟ್ಟೆಗೆ ಬೇಗ ಹೋಗಬಹುದು, ಆದರೆ ಚಿಗುರು ಪೂರ್ತಿ ಮಳೆಗೆ ಸಿಗುತ್ತದೆ. ನವೆಂಬರಿಗೆ ತಳ್ಳಿದರೆ ಚಿಗುರು ಉಳಿಯುತ್ತದೆ, ಆದರೆ ಹಣ್ಣು ಬಿಸಿಲಿಗೆ ಸಿಕ್ಕುತ್ತದೆ, ಕೊಳವೆಬಾವಿ ಬತ್ತುತ್ತದೆ, ಒಣದ್ರಾಕ್ಷಿಗೆಂದು ಶೆಡ್ಡಿನಲ್ಲಿ ಒಣಗಲು ಹಾಕಿದ ಮಾಲಿನ ಮೇಲೆ ಏಪ್ರಿಲಿನ ಗಾಳಿಮಳೆ ಬಂದು ಬೀಳುತ್ತದೆ. ಸಾಲದ್ದಕ್ಕೆ ಚಾಟ್ನಿ ಮಾಡುವ ಕೂಲಿ ತಂಡ ಯಾವ ವಾರ ಸಿಗುತ್ತದೋ ಆ ವಾರವೇ ಎಷ್ಟೋ ರೈತರ ಮುಹೂರ್ತ. ಯಾವ ದಿನ ಆರಿಸಿದರೂ ಒಂದಲ್ಲ ಒಂದು ಅಪಾಯವನ್ನು ಆರಿಸಿಕೊಂಡಂತೆಯೇ. ಮಳೆಯನ್ನು ಅಕಾಲಿಕ ಎಂದುಬಿಟ್ಟರೆ ಈ ಕಠಿಣ ಆಯ್ಕೆಯ ಮಾತೇ ಮುಚ್ಚಿಹೋಗುತ್ತದೆ. ವರ್ಷವರ್ಷವೂ ಅದೊಂದು ಅನಿರೀಕ್ಷಿತ ಆಘಾತವಾಗಿಯೇ ಉಳಿಯುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ದ್ರಾಕ್ಷಿಯನ್ನು ಕೆಡಿಸುವುದು ಮಳೆ ಎಂದೇ ನಂಬಿಕೊಂಡು, ಮಳೆ ಬೀಳದೆ ಆಗುವ ನಷ್ಟವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ತಿಕೋಟಾ ಕಡೆ ನಮ್ಮ ಕಾಕಾನ ಎರಡೂವರೆ ಎಕರೆ ತೋಟವಿದೆ. ಒಂದು ವರ್ಷ ಅಕ್ಟೋಬರ್ ಚಾಟ್ನಿಯಾಗಿ ಹದಿನೈದು–ಇಪ್ಪತ್ತು ದಿನಕ್ಕೆ ಹೋದಾಗ ಕಾಕಾ ಸಾಲಿನಲ್ಲಿ ನಿಂತು ಗೊನೆ ಎಣಿಸುತ್ತಿದ್ದರು. ಚಿಗುರು ಹಸಿರಾಗಿತ್ತು, ರೋಗ ಇರಲಿಲ್ಲ, ಮಳೆಯೂ ಬಂದಿರಲಿಲ್ಲ. ಆದರೆ ಗೊನೆ ಇರಬೇಕಾದ ಗೆಣ್ಣಿನಲ್ಲೆಲ್ಲ ತಂತಿ ಹಿಡಿದು ಹತ್ತುವ ಸುರುಳಿ ಕುಡಿಗಳೇ ಇದ್ದವು. “ಏನಾತು ಕಾಕಾ?” ಎಂದೆ. “ಈಗೇನ್ ಆಗಿಲ್ಲಪಾ, ಆಗೂದು ಜೂನ್‌ದಾಗ ಆಗಿ ಹೋಗೇತಿ. ತಿಂಗಳಾನಗಟ್ಲೆ ಬರೇ ಮ್ವಾಡ, ಬಿಸಲs ಬೀಳಲಿಲ್ಲ” ಎಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಏಪ್ರಿಲ್ ಚಾಟ್ನಿಯಾದ ಸುಮಾರು 40ರಿಂದ 70 ದಿನಗಳ ನಡುವೆ, ಬೆಳೆಯುತ್ತಿರುವ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊನೆಯ ಮೊಳಕೆ ರೂಪುಗೊಳ್ಳುತ್ತದೆ. ಗೊನೆಯೂ ಸುರುಳಿ ಕುಡಿಯೂ ಹುಟ್ಟುವುದು ಒಂದೇ ಬಗೆಯ ಮೂಲ ಮೊಳಕೆಯಿಂದ. ಅದು ಗೊನೆಯಾಗಬೇಕಾದರೆ ಚೆನ್ನಾದ ಬಿಸಿಲು ಬೇಕು. ಮೋಡ ಕವಿದು ಬೆಳಕು ಕಡಿಮೆಯಾದರೆ, ಎಲೆ ದಟ್ಟವಾಗಿ ಒಳಗಿನ ಕಡ್ಡಿಗಳಿಗೆ ನೆರಳಾದರೆ, ಯೂರಿಯಾ ಹೆಚ್ಚಾಗಿ ಬಳ್ಳಿ ಸೊಕ್ಕಿ ಹರಿದರೆ, ಗೊನೆ ಆಗಬೇಕಾದದ್ದು ಕುಡಿಯಾಗಿ ಹೋಗುತ್ತದೆ. ಏಪ್ರಿಲ್ ನಡುವೆ ಕತ್ತರಿ ಹಾಕಿದವನಿಗೆ ಈ ದಿನಗಳು ಬರುವುದು ಮೇ ಕೊನೆಯಿಂದ ಜೂನ್ ಮುಗಿಯುವ ತನಕ, ಅಂದರೆ ಮುಂಗಾರಿನ ಮೋಡ ಸಹ್ಯಾದ್ರಿ ದಾಟಿ ನಮ್ಮ ಮೇಲೆ ಹಾದುಹೋಗುವ ಹೊತ್ತಿಗೆ. ಮಳೆ ನೆರಳಿನ ನಾಡಿದು. ಮೋಡ ಬಂದಷ್ಟು ಮಳೆ ಬರುವುದಿಲ್ಲ. ಮಳೆಮಾಪಕ ಸೊನ್ನೆ ತೋರಿಸುತ್ತಿರುವಾಗಲೇ ಮುಂದಿನ ಫೆಬ್ರುವರಿಯ ಇಳುವರಿ ಕರಗುತ್ತಿರುತ್ತದೆ. ತಿಳಿದವರು ಅಕ್ಟೋಬರ್ ಚಾಟ್ನಿಗೆ ಮೊದಲು ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು, ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ. ಎಷ್ಟನೆಯ ಕಣ್ಣಿನಲ್ಲಿ ಗೊನೆ ಇದೆಯೋ ಅಲ್ಲಿಗೆ ಕತ್ತರಿ ಹಾಕುತ್ತಾರೆ. ಆ ವರ್ಷ ಕಾಕಾನ ತೋಟಕ್ಕೆ ಯಾರೂ ಸಮೀಕ್ಷೆಗೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ, ಮಳೆಯೇ ಆಗಿರಲಿಲ್ಲವಲ್ಲ.

ಮಳೆ ಬಂದಾಗಲೂ ನಾವು ಕೇಳುವ ಪ್ರಶ್ನೆ ಸರಿಯಿಲ್ಲ. “ಎಷ್ಟು ಮಿಲಿಮೀಟರ್ ಆಯಿತು?” ಎನ್ನುತ್ತೇವೆ. “ಎಲೆ ಎಷ್ಟು ತಾಸು ಹಸಿಯಾಗಿತ್ತು?” ಎಂದು ಕೇಳಬೇಕು. ದ್ರಾಕ್ಷಿಯ ದೊಡ್ಡ ಶತ್ರು ದಾವಣಿ ರೋಗ. ಅದರ ಬೀಜಕಣಗಳು ರಾತ್ರಿ ಕತ್ತಲಲ್ಲಿ, ಗಾಳಿ ತೇವದಿಂದ ತುಂಬಿ ನಿಂತಿರುವಾಗ ಎಲೆಯ ಅಡಿಯಲ್ಲಿ ಬಿಳಿ ಪದರವಾಗಿ ಹುಟ್ಟುತ್ತವೆ. ಅವುಗಳಿಂದ ಹೊರಬಂದ ಸೂಕ್ಷ್ಮ ಜೀವಿಗಳು ಎಲೆಯ ಮೇಲಿನ ತೆಳು ನೀರಿನಲ್ಲಿ ಈಜಿಕೊಂಡು ಹೋಗಿ, ಎಲೆ ಉಸಿರಾಡುವ ರಂಧ್ರಗಳಿಂದ ಒಳಹೊಗುತ್ತವೆ. ಈಜಲು ಬೇಕಾದದ್ದು ಒಂದು ಹನಿ ನೀರು ಮತ್ತು ಕೆಲವು ತಾಸು. ಮಧ್ಯಾಹ್ನ ಅರ್ಧ ತಾಸಿನಲ್ಲಿ 40 ಮಿಲಿಮೀಟರ್ ಸುರಿದು, ಹಿಂದೆಯೇ ಬಿಸಿಲು ಗಾಳಿ ಬಂದು ಸಂಜೆಗೆ ಎಲೆ ಒಣಗಿದರೆ ತೋಟ ಉಳಿದುಕೊಳ್ಳಬಹುದು. ಸಂಜೆ ಮೂರೇ ಮಿಲಿಮೀಟರ್ ಜಿನುಗಿ, ರಾತ್ರಿಯಿಡೀ ಮೋಡ ಮುಚ್ಚಿ, ಬೆಳಗ್ಗೆ ಮಂಜು ಬಿದ್ದರೆ ಅದೇ ತೋಟ ಹೋಗಬಹುದು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ ಕಣ್ಣಿಗೆ ಬೀಳಲು ಇನ್ನೂ ನಾಲ್ಕಾರು ದಿನ ಬೇಕು. ಅಷ್ಟರಲ್ಲಿ ಆಕಾಶ ತಿಳಿಯಾಗಿ, ಮಳೆ ಹೋಯಿತೆಂದು ರೈತ ಉಸಿರು ಬಿಟ್ಟಿರುತ್ತಾನೆ. ಹೂವಿಗೆ ಮೊದಲೇ ಎಳೆ ಗೊನೆಯೊಳಗೆ ರೋಗ ಕೂತರೆ ಆ ಗೊನೆಯನ್ನು ಯಾವ ಔಷಧಿಯೂ ಹಿಂದಕ್ಕೆ ತರುವುದಿಲ್ಲ.

ಮಿಲಿಮೀಟರಿಗೂ ಒಂದು ಅರ್ಥವಿದೆ, ಒಪ್ಪುತ್ತೇನೆ. ನಮ್ಮ ಎರಿ ಭೂಮಿ ಒಮ್ಮೆ ಚೆನ್ನಾಗಿ ನೆನೆದರೆ ಬ್ಲೋವರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕು ದಿನ ಒಳಗೆ ಹೋಗುವುದಿಲ್ಲ. ಔಷಧಿ ಹೊಡೆಯಲೇಬೇಕಾದ ದಿನ ಹೊಡೆಯಲಾಗುವುದಿಲ್ಲ. 2009ರ ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ, ನವೆಂಬರಿನಲ್ಲಿ ಫ್ಯಾನ್ ಚಂಡಮಾರುತದೊಂದಿಗೆ ಬಂದ ಮಳೆ, ಎರಡೂ ಸೇರಿದ ಆ ಹಂಗಾಮನ್ನು ದ್ರಾಕ್ಷಿಯವರು ಮರೆತಿಲ್ಲ.

ಆದರೆ ಮಳೆಯನ್ನೇ ಶತ್ರು ಎಂದುಕೊಂಡವರಿಗೆ ಬೂದಿ ರೋಗ ಅರ್ಥವಾಗುವುದಿಲ್ಲ. ಅದಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಮೋಡ ಕವಿದ, ಮಳೆಯಿಲ್ಲದ, ಹಿತವಾದ ತಂಪಿನ ದಿನಗಳೇ ಅದಕ್ಕೆ ಹಬ್ಬ. ಜೋರು ಮಳೆ ಬಿದ್ದರೆ ಬೂದಿ ತೊಳೆದು ಹೋಗುವುದೂ ಉಂಟು. ನಾಸಿಕ್ ಕಡೆ ಡಿಸೆಂಬರ್–ಜನವರಿಯ ರಾತ್ರಿ ಚಳಿ ಬಿಗಿಯಾಗಿ ಹಗಲು ಬಿಸಿಯಾದರೆ ಬಿಳಿ ತಳಿಗಳ ಕಾಯಿ ಗುಲಾಬಿ ಬಣ್ಣಕ್ಕೆ ತಿರುಗಿ ರಫ್ತಿಗೆ ಬೇಡವಾಗುತ್ತದೆ. ಅಲ್ಲಿಯವರು ಗೊನೆಗೆ ಕಾಗದ ಸುತ್ತುತ್ತಾರೆ. ಅಲ್ಲೂ ಮಳೆಯ ಮಾತಿಲ್ಲ.

ಈ ರೋಗಗಳ ಚರಿತ್ರೆ ಓದಿದಾಗ ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ದಾವಣಿ ಫ್ರಾನ್ಸಿಗೆ ಬಂದದ್ದು 1878ರಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ಬೋರ್ಡೋ ಸೀಮೆಯಲ್ಲಿ ಬಳ್ಳಿಗೆ ಬಳಿಯುತ್ತಿದ್ದ ಮೈಲುತುತ್ತ–ಸುಣ್ಣದ ನೀರು ರೋಗವನ್ನೂ ತಡೆಯುತ್ತದೆಂದು ಮಿಯಾರ್ದೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಲೋಕಕ್ಕೆ ಹೇಳಿದ. ಅದೇ ಬೋರ್ಡೋ ದ್ರಾವಣವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟರು. ಅಡಿಕೆ ಬೆಳೆಗಾರ ಮುಂಗಾರನ್ನು ಅಕಾಲಿಕ ಎನ್ನುವುದಿಲ್ಲ. ಮಳೆ ಬರುವುದು ಖಚಿತವೆಂದು ಅದು ಬರುವ ಮೊದಲೇ ಅಡಿಕೆ ಗೊನೆಗೆ ಔಷಧಿ ಹೊಡೆಸುತ್ತಾನೆ. ಮಳೆಯನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರ ಮೇಲೆ ನಮ್ಮ ತಯಾರಿಯೂ ನಿಂತಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಿಜಕ್ಕೂ ಅಕಾಲಿಕ ಎನ್ನಬಹುದಾದ ಮಳೆ ಒಂದಿದೆ: ಫೆಬ್ರುವರಿ–ಮಾರ್ಚಿನದು. ದ್ರಾಕ್ಷಿಯೆಂದರೆ ತೆಳು ಸಿಪ್ಪೆಯೊಳಗೆ ಸಕ್ಕರೆ ನೀರು ತುಂಬಿದ ಚೀಲ. ಹಣ್ಣಾದ ಮೇಲೆ ಹೊರಗೆ ಮಳೆ ನೀರು ನಿಂತರೆ, ಬೇರಿಗೂ ಒಮ್ಮೆಲೇ ನೀರು ಸಿಕ್ಕರೆ, ಆ ಚೀಲ ಬಿರಿಯುತ್ತದೆ. ಒಣದ್ರಾಕ್ಷಿಯ ಕಥೆ ಇನ್ನೂ ಕಷ್ಟ. ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಯ ಮೇಲೆ ಹರಡಿದ ಹಣ್ಣು ಎರಡು ವಾರ ಒಣಗಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಾಲು. ಆ ಎರಡು ವಾರದಲ್ಲಿ ತೇವ ಹಿಡಿದರೆ ಹೊಂಬಣ್ಣದ ಮಾಲು ಕಪ್ಪಾಗಿ ತಾಸಗಾಂವ ಪೇಟೆಯಲ್ಲಿ ದರ ಕುಸಿಯುತ್ತದೆ. ಇಲ್ಲಿ ರೈತನ ಕೈಯಲ್ಲಿ ಏನೂ ಇಲ್ಲ. ಪರಿಹಾರ ಇಲ್ಲಿಗೆ ತಡಮಾಡದೆ ಬರಬೇಕು. ಎಲ್ಲ ಮಳೆಗೂ ಅಕಾಲಿಕ ಎಂದು ಕೂಗಿದ್ದರಿಂದಲೇ ಈ ಮಳೆಯ ಕೂಗಿಗೆ ಬೆಲೆ ಇಲ್ಲವಾಗಿದೆ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಹಣ ಲೆಕ್ಕವಾಗುವುದು ಹವಾಮಾನ ಕೇಂದ್ರದ ಅಂಕಿಯಿಂದ, ತೋಟದ ಗೊನೆಯಿಂದಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟ ಕರ್ನಾಟಕದ ವ್ಯವಸ್ಥೆ ದೊಡ್ಡ ಸಾಧನೆಯೇ. ಆದರೂ ಬಯಲಿನಲ್ಲಿ ನಿಂತ ಮಳೆಮಾಪಕಕ್ಕೆ ಚಪ್ಪರದ ಕೆಳಗಿನ ಎಲೆ ಬೆಳಗಿನ ಹತ್ತರ ತನಕ ಒದ್ದೆಯಾಗಿತ್ತೆಂದು ತಿಳಿಯುವುದಿಲ್ಲ. ಎಲೆಯ ತೇವ ಅಳೆಯುವ ಉಪಕರಣ ಇಂದು ಅಪರೂಪದ್ದಲ್ಲ; ದೊಡ್ಡ ಬೆಳೆಗಾರರ ಕೆಲವು ತೋಟಗಳಲ್ಲಿ ಈಗಾಗಲೇ ಇದೆ. ಅದು ದ್ರಾಕ್ಷಿ ಬೆಳೆಯುವ ಊರೂರಿಗೂ ಬರಲಿ. ಜೂನಿನ ಬಿಸಿಲಿನ ತಾಸುಗಳನ್ನೂ ಹಾನಿಯ ಲೆಕ್ಕಕ್ಕೆ ಸೇರಿಸಲಿ. ತಿಕೋಟಾ, ಬಬಲೇಶ್ವರ, ಇಂಡಿಯ ತೋಟಗಳಿಗೆ ನವೆಂಬರಿನಲ್ಲಿ ಕ್ಯಾಮೆರಾ ಹಿಡಿದು ಬರುವ ಅಧಿಕಾರಿಗಳಲ್ಲಿ, ಪತ್ರಕರ್ತ ಮಿತ್ರರಲ್ಲಿ ನನ್ನದೊಂದು ಕೇಳಿಕೆ: ಈ ವರ್ಷ ಜೂನಿನಲ್ಲೂ ಒಮ್ಮೆ ಬನ್ನಿ. ಮಳೆ ಬಾರದ, ಬರೇ ಮೋಡ ಮುಚ್ಚಿದ ಒಂದು ದಿನ ಆರಿಸಿಕೊಂಡು ಬನ್ನಿ.