ಬಣ್ಣ ಮಾಸಿದ ನೀರು: ಒಂದು ವಿಮರ್ಶೆ

ಬಾದಾಮಿಯ ಬಂಡೆಗಳು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಕ್ರಿ.ಶ. 578ರಲ್ಲಿ ಮಂಗಲೇಶನ ಶಾಸನವನ್ನು ಕೆತ್ತಿದ ಮೂರನೆಯ ಗುಹೆಯ ಕಲ್ಲೂ ಅದೇ ಜಾತಿಯದು. ಈ ಆಕ್ಸೈಡನ್ನು ನ್ಯಾನೋಕಣಗಳಾಗಿ ಮಾಡಿ, ಬೆಳಕಿನ ನೆರವಿನಿಂದ ನೀರಿನಲ್ಲಿಯ ಸಾವಯವ ಕಲ್ಮಶಗಳನ್ನು ಒಡೆಯಬಹುದೆಂದು ಹೇಳುವ ಪ್ರಬಂಧಗಳು ಈಚೆಗೆ ಹೇರಳವಾಗಿ ಬರುತ್ತಿವೆ. ಸೀರೆಯ ನೂಲಿಗೆ ಬಣ್ಣ ಹಾಕುವ ಇಳಕಲ್ಲು ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಇವನ್ನು ನಾವು ಆಸೆಯಿಂದ ಓದುವುದು ಸಹಜವೇ ಸರಿ. ಆದರೆ ಓದುತ್ತ ಹೋದಂತೆ ಕೆಲವು ಸಂದೇಹಗಳು ಏಳುತ್ತವೆ.

ತತ್ತ್ವದಲ್ಲಿ ದೋಷವಿಲ್ಲ. ಟೈಟೇನಿಯಂ ಡೈಆಕ್ಸೈಡಿಗೆ ಅತಿನೇರಳೆ ಕಿರಣಗಳು ಬೇಕು. ಬಿಸಿಲಿನಲ್ಲಿ ಅವುಗಳ ಪಾಲು ಅತ್ಯಲ್ಪ. ಹೆಮಟೈಟಿಗಾದರೋ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು; ಕಣ್ಣಿಗೆ ಕಾಣುವ ನೀಲಿ, ಹಸಿರು ಬೆಳಕೂ ಅದಕ್ಕೆ ಒದಗುತ್ತದೆ. ಆದರೆ ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಕ್ಷಣಾರ್ಧದಲ್ಲಿ ಮರಳಿ ತನ್ನ ಸ್ಥಾನವನ್ನು ಸೇರಿಬಿಡುತ್ತದೆ. ಆದುದರಿಂದಲೇ ಅನೇಕರು ಹೈಡ್ರೋಜನ್ ಪೆರಾಕ್ಸೈಡನ್ನು ಬೆರೆಸುತ್ತಾರೆ. ಆಗ ನಡೆಯುವುದು ಬಹುಮಟ್ಟಿಗೆ 1894ರಲ್ಲಿ ಫೆಂಟನ್ ಪ್ರಕಟಿಸಿದ ಕ್ರಿಯೆಯ ರೂಪಾಂತರ. ಕೀರ್ತಿಯೆಲ್ಲ ಬಿಸಿಲಿಗೆ ಸಲ್ಲುತ್ತದೆ. ಪೆರಾಕ್ಸೈಡಿನ ಖರ್ಚನ್ನು ಲೆಕ್ಕ ಹಾಕುವವರು ವಿರಳ.

ನಮ್ಮ ಮುಖ್ಯ ಆಕ್ಷೇಪ ಬೇರೆ. ಈ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುವುದು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ಮಿಥಿಲೀನ್ ಬ್ಲೂ. ಅದು ಬೆಳಕಿಗೆ ತಾನಾಗಿಯೂ ಮಾಸುವ ಬಣ್ಣ. ಕಣಗಳ ಮೈಗೆ ಸುಮ್ಮನೆ ಅಂಟಿಕೊಂಡರೂ ನೀರು ತಿಳಿಯಾಗಿ ಕಾಣುತ್ತದೆ. ಇಳಕಲ್ಲಿನ ಬಣ್ಣಗಾರನ ಗುರಿಯೋ ಇದಕ್ಕೆ ತೀರ ವಿರುದ್ಧವಾದುದು. ಒಗೆತಕ್ಕೂ ಬಿಸಿಲಿಗೂ ಜಗ್ಗದ ಕೆಂಪನ್ನು ಕೊಟ್ಟರೆ ಮಾತ್ರ ಅವನ ನೂಲಿಗೆ ಬೆಲೆ. ಅವನ ಹೆಮ್ಮೆ ಯಾವುದೋ ಅದೇ ರಸಾಯನಶಾಸ್ತ್ರಜ್ಞನಿಗೆ ಅಡ್ಡಿ. ವ್ಯಾಟ್ ಮತ್ತು ನ್ಯಾಫ್ತಾಲ್ ಬಣ್ಣಗಳಿಗೆ ಕಾಸ್ಟಿಕ್ ಸೋಡಾ ಬೇಕು. ಹೀಗಾಗಿ ಅಂಥ ಬಣ್ಣದ ತೊಟ್ಟಿಯ ನೀರು ಕ್ಷಾರಮಯ. ಫೆಂಟನ್ ಕ್ರಿಯೆ ಚೆನ್ನಾಗಿ ನಡೆಯುವುದಾದರೋ ಪಿ.ಎಚ್. 3ರ ಆಸುಪಾಸಿನ ಆಮ್ಲದಲ್ಲಿ. ಮೊದಲು ಆಮ್ಲವನ್ನು ಸುರಿದು, ಕಡೆಗೆ ಮತ್ತೆ ಸುಣ್ಣವನ್ನು ಹಾಕುವ ವೆಚ್ಚವನ್ನು ಸಣ್ಣ ಬಣ್ಣಗಾರನು ಹೊರಬಲ್ಲನೆ?

ಬಣ್ಣ ಹೋದ ಮಾತ್ರಕ್ಕೆ ಕಲ್ಮಶ ಹೋಯಿತೆನ್ನುವಂತಿಲ್ಲ. ಅಜೋ ಬಂಧವು ತುಂಡಾದರೆ ಬಣ್ಣ ಮರೆಯಾಗುತ್ತದೆ. ತುಣುಕುಗಳು ನೀರಿನಲ್ಲಿಯೇ ಉಳಿಯಬಹುದು, ಅವುಗಳಲ್ಲಿ ಕೆಲವು ವಿಷಕಾರಿಯೂ ಆಗಿರಬಹುದು. ಕೆಂಪು ನೀರನ್ನು ಕಂಡರೆ ದನಗಾಹಿಯೂ ದೂರ ಸರಿಯುತ್ತಾನೆ. ತಿಳಿನೀರನ್ನು ಸಂಶಯಿಸುವವರು ಯಾರು? ನೂರಕ್ಕೆ ತೊಂಬತ್ತೈದು ಬಣ್ಣ ಹೋಯಿತೆಂದು ಬರೆದು, ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯದ ಪ್ರಬಂಧವು ಅರ್ಧವೇ ಮುಗಿದ ಪ್ರಬಂಧ.

ಹುನಗುಂದದಲ್ಲಿಯೋ ಬಾಗಲಕೋಟೆಯಲ್ಲಿಯೋ ಓದುವ ವಿದ್ಯಾರ್ಥಿಗೆ ಇಳಕಲ್ಲು ದೂರವಲ್ಲ. ಬಣ್ಣಗಾರನನ್ನು ಕೇಳಿ ನೂಲು ಜಾಲಿಸಿದ ನೀರನ್ನು ಒಂದು ಕೊಡ ತರಲಿ. ಒಂದು ಪಾಲನ್ನು ಕಣಗಳೊಡನೆ ಕತ್ತಲೆಯಲ್ಲಿ, ಇನ್ನೊಂದನ್ನು ಕಣಗಳಿಲ್ಲದೆ ಬಿಸಿಲಿನಲ್ಲಿ, ಮತ್ತೊಂದನ್ನು ಕಣಗಳೊಡನೆ ಬಿಸಿಲಿನಲ್ಲಿ ಇರಿಸಿ, ಮೂರರಲ್ಲಿಯೂ ಇಂಗಾಲವನ್ನು ಅಳೆಯಲಿ. ತೊಂಬತ್ತೈದರ ಬದಲು ಇಪ್ಪತ್ತು ಬಂದರೂ ಆ ಅಂಕಿಯನ್ನೇ ನಾವು ಓದಬಯಸುತ್ತೇವೆ.